ಕೈಗುಣ ಅಂದರೆ ನೀರಿನ ಲೆಕ್ಕ

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಕರಾವಳಿಯಲ್ಲಿ, ಮದುವೆಯಾಗಿ ಬಂದದ್ದು ಮಂಡ್ಯಕ್ಕೆ. ಹೊರಗಿನ ತಿಂಡಿ ಕಮ್ಮಿ ಮಾಡೋಣ ಅಂತ ಒಂದು ವರ್ಷದಿಂದ ಮನೆಯಲ್ಲೇ ಒಂದೊಂದು ಪ್ರಯೋಗ ಮಾಡುತ್ತಿದ್ದೇನೆ. ಮದ್ದೂರು ವಡೆ ಒಂದು ಸಲ ಗರಿಗರಿ, ಇನ್ನೊಂದು ಸಲ ಎಣ್ಣೆ ಕುಡಿದು ಮೆತ್ತಗೆ. ನಿಪ್ಪಟ್ಟು ಕರಿದ ದಿನ ಚೆನ್ನಾಗಿರುತ್ತದೆ, ಮಾರನೇ ದಿನ ಚಪಾತಿ ಥರ ಬಾಗುತ್ತದೆ. ಮೈಸೂರು ಪಾಕಿಗೆ ಅಂತಲೇ ಥರ್ಮಾಮೀಟರ್ ತಂದೆ, ವಿಡಿಯೋದಲ್ಲಿ ಹೇಳಿದಷ್ಟೇ ಡಿಗ್ರಿಗೆ ಪಾಕ ಇಳಿಸಿದೆ, ಆದರೂ ಕಲ್ಲಾಯಿತು. ಮುದ್ದೆಯಲ್ಲಂತೂ ಗಂಟು ತಪ್ಪುವುದೇ ಇಲ್ಲ. ಪ್ರತಿ ಸಲವೂ ಅದೇ ಲೋಟ, ಅದೇ ಅಳತೆ. ಅತ್ತೆ ಮಾತ್ರ ಕಣ್ಣಳತೆಯಲ್ಲೇ ಎಲ್ಲ ಮಾಡಿ, "ಅದು ಕೈಗುಣ ಕಣಮ್ಮ" ಅನ್ನುತ್ತಾರೆ. ಕೈಗುಣ ಅನ್ನುವುದು ನಿಜವಾಗಿ ಇದೆಯಾ? ಏರ್ ಫ್ರೈಯರ್ ತಗೊಂಡರೆ ಇದೆಲ್ಲ ಸರಿಹೋಗುತ್ತದಾ? ಕರಿದು ಉಳಿದ ಎಣ್ಣೆಯನ್ನು ಏನು ಮಾಡಲಿ?

ಉತ್ತರ: ನಿಮ್ಮ ಅತ್ತೆ ಹೇಳಿದ್ದು ಸುಳ್ಳಲ್ಲ. ಕೈಗುಣ ಇದೆ. ಆದರೆ ಅದನ್ನು ಯಾರೂ ಹುಟ್ಟುವಾಗಲೇ ಮುಷ್ಟಿಯಲ್ಲಿ ಹಿಡಿದುಕೊಂಡು ಬಂದಿರುವುದಿಲ್ಲ. ವರ್ಷಗಟ್ಟಲೆ ಹಿಟ್ಟು ಕಲಸಿದ ಕೈಗೆ, ಹಿಟ್ಟು ಮುಟ್ಟಿದ ಕೂಡಲೇ "ಇನ್ನೆರಡು ಚಮಚ ನೀರು ಸಾಕು" ಅಂತ ಗೊತ್ತಾಗುತ್ತದೆ. ಅಷ್ಟೇ. ನೀವು ಬರೆದ ನಾಲ್ಕು ದೂರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ವಡೆಯಲ್ಲಿ ನೀರು ಜಾಸ್ತಿಯಾಗಿದೆ. ನಿಪ್ಪಟ್ಟಿನಲ್ಲಿ ನೀರು ಒಳಗೇ ಉಳಿದಿದೆ. ಪಾಕದಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ನೀರು ಹೋಗಿದೆ. ಮುದ್ದೆಯಲ್ಲಿ ನೀರು ಹಿಟ್ಟಿನ ನಡುವಿಗೆ ತಲುಪಿಯೇ ಇಲ್ಲ. ನಾಲ್ಕು ತಿಂಡಿಯಾದರೂ ದೂರು ಒಂದೇ.

ನಾನು ಮೈಸೂರಿನಲ್ಲಿ ವರ್ಷಗಟ್ಟಲೆ ಗೃಹವಿಜ್ಞಾನ ಪಾಠ ಮಾಡಿದವಳು. ಒಂದು ಬ್ಯಾಚಿಗೆ ಚಕ್ಕುಲಿ ಮಾಡಿಸಿದ್ದೆ. ಹನ್ನೆರಡು ಒಲೆ, ಒಂದೇ ಡಬ್ಬದ ಹಿಟ್ಟು, ಬೋರ್ಡಿನ ಮೇಲೆ ಒಂದೇ ಅಳತೆ. ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ಹನ್ನೆರಡು ಜಾತಿಯ ಚಕ್ಕುಲಿ ಇತ್ತು. ಒಂದು ಬಾಯಲ್ಲಿ ಕರಗುತ್ತಿತ್ತು, ಒಂದನ್ನು ಕಡಿದರೆ ಹಲ್ಲು ಹೋಗುವ ಹಾಗಿತ್ತು. ಆವತ್ತಿನಿಂದ "ಅಳತೆ ಅದೇ" ಅಂತ ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಯಾಕೆ ಅಂತ ನೀವೇ ನೋಡಬಹುದು. ಒಂದು ಲೋಟಕ್ಕೆ ಅಕ್ಕಿಹಿಟ್ಟನ್ನು ಚಮಚದಲ್ಲಿ ಹಗುರವಾಗಿ ತುಂಬಿ ತೂಗಿ. ಆಮೇಲೆ ಅದೇ ಲೋಟವನ್ನು ಡಬ್ಬದೊಳಗೆ ಅದ್ದಿ, ಕಟ್ಟೆಗೆ ಎರಡು ಸಲ ಕುಟ್ಟಿ ತುಂಬಿ ತೂಗಿ. ಐದರಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸ ಸುಲಭವಾಗಿ ಬರುತ್ತದೆ. ಲೋಟ ಅದೇ, ಹಿಟ್ಟು ಬೇರೆ.

ಹಿಟ್ಟಿನೊಳಗೂ ನೀರಿರುತ್ತದೆ. ಅಕ್ಕಿ ತೊಳೆದು, ನೆರಳಲ್ಲಿ ಆರಿಸಿ, ಮಿಲ್ಲಿಗೆ ಕೊಟ್ಟು ಬೀಸಿಸಿದ ಹಿಟ್ಟು ಸ್ವಲ್ಪ ತೇವ ಇಟ್ಟುಕೊಂಡೇ ಬರುತ್ತದೆ. ಪ್ಯಾಕೆಟ್ ಹಿಟ್ಟು ಒಣ ಒಣ, ನುಣ್ಣಗೆ. ಅದು ಜಾಸ್ತಿ ನೀರು ಕುಡಿಯುತ್ತದೆ. ನಿಮ್ಮದು ನಾಲೆ ನೀರಿನ ಊರು, ಕೊಯ್ಲು ಮುಗಿದ ಮೇಲೆ ಮನೆಗೆ ಹೊಸ ಅಕ್ಕಿ ಬರುತ್ತದೆ. ಹೊಸ ಅಕ್ಕಿಗೆ ಅನ್ನ ಮಾಡುವಾಗ ಎಸರು ಕಮ್ಮಿ ಇಡುತ್ತಾರೆ ಅಲ್ವಾ? ಅದರ ಹಿಟ್ಟಿಗೂ ಅದೇ ಲೆಕ್ಕ. ಅತ್ತೆಯ ಕಣ್ಣಳತೆ ಈ ವ್ಯತ್ಯಾಸವನ್ನು ಪ್ರತಿ ಸಲವೂ ಸರಿಮಾಡಿಕೊಳ್ಳುತ್ತದೆ. ಲೋಟಕ್ಕೆ ಅದು ಬರುವುದಿಲ್ಲ.

ಈಗ ವಡೆಗೆ ಬರೋಣ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ವಡೆ ಅರ್ಥವಾದರೆ ಅರ್ಧ ಕುರುಕಲು ತಿಂಡಿ ಅರ್ಥವಾದ ಹಾಗೆ.

ಮದ್ದೂರು ವಡೆ ರೈಲಿನ ತಿಂಡಿ. ಬೆಂಗಳೂರು-ಮೈಸೂರು ದಾರಿಯಲ್ಲಿ, ಮದ್ದೂರು ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಮಾರಿ ಹೆಸರಾದದ್ದು. ಅದರ ಗುಣವೂ ಪ್ರಯಾಣಕ್ಕೆ ತಕ್ಕ ಹಾಗೇ ಇದೆ. ಬೇಳೆ ನೆನೆಸುವ, ರುಬ್ಬುವ ಗೋಜಿಲ್ಲ. ಚಪ್ಪಟೆ ಇರುವುದರಿಂದ ಒಳಗಿನ ನೀರೆಲ್ಲ ಹೊರಗೆ ಬರಲು ದಾರಿ ಹತ್ತಿರ. ಚಟ್ನಿ ಇಲ್ಲದಿದ್ದರೂ ನಡೆಯುತ್ತದೆ. ಉದ್ದಿನ ವಡೆಯನ್ನು ಬೆಳಗ್ಗೆ ಕಟ್ಟಿಕೊಂಡು ಹೋಗಿ ಸಂಜೆ ತಿನ್ನಿ ನೋಡೋಣ!

ನನ್ನ ಅಳತೆ ಇದು: ಅಕ್ಕಿಹಿಟ್ಟು 150 ಗ್ರಾಂ, ಚಿರೋಟಿ ರವೆ 75 ಗ್ರಾಂ, ಮೈದಾ 75 ಗ್ರಾಂ, ಈರುಳ್ಳಿ 200 ಗ್ರಾಂ. ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ನಿಮ್ಮ ಇಷ್ಟ. ಮೂರು ದೊಡ್ಡ ಚಮಚ ಎಣ್ಣೆಯನ್ನೋ ತುಪ್ಪವನ್ನೋ ಚೆನ್ನಾಗಿ ಕಾಯಿಸಿ ಒಣ ಹಿಟ್ಟಿನ ಮೇಲೆ ಸುರಿಯಿರಿ. ಮೊದಲು ಚಮಚದಲ್ಲಿ ಕಲಸಿ, ಬಿಸಿ ಆರಿದ ಮೇಲೆ ಎರಡೂ ಅಂಗೈ ನಡುವೆ ಹಿಟ್ಟನ್ನು ಉಜ್ಜಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲಬೇಕು, ಬೆರಳಲ್ಲಿ ಮುಟ್ಟಿದರೆ ಪುಡಿಯಾಗಬೇಕು. ಹಿಟ್ಟಿನ ಕಣಕ್ಕೆಲ್ಲ ಜಿಡ್ಡಿನ ಕೋಟು ಹಾಕಿದ ಹಾಗೆ ಇದು. ಕೋಟು ಹಾಕಿಕೊಂಡ ಮೈದಾ ನೀರು ಕಂಡರೂ ಜಿಗುಟಾಗುವುದಿಲ್ಲ. ಗರಿಗರಿ ಶುರುವಾಗುವುದು ಇಲ್ಲಿಂದ.

ಮುಂದಿನದು ಈರುಳ್ಳಿ. ಬಹಳ ಜನ ಎಡವುವುದು ಇಲ್ಲೇ. ಈರುಳ್ಳಿಯ ತೂಕದಲ್ಲಿ ಹತ್ತಿರ ಹತ್ತಿರ ನೂರಕ್ಕೆ ತೊಂಬತ್ತು ಪಾಲು ನೀರು. ಅಂದರೆ ಆ 200 ಗ್ರಾಂ ಈರುಳ್ಳಿಯ ಜೊತೆ ಮುಕ್ಕಾಲು ಲೋಟ ನೀರು ಬಚ್ಚಿಟ್ಟುಕೊಂಡು ಬಂದಿರುತ್ತದೆ. ಅದನ್ನು ನೀವು ಅಳೆದಿಲ್ಲ. ಉಪ್ಪು ತಾಗಿದ ಕೂಡಲೇ ಅದು ಮೆಲ್ಲಗೆ ಹೊರಗೆ ಬರಲು ಶುರುಮಾಡುತ್ತದೆ. ನೀವು ಹಿಟ್ಟು ಹದವಾಗಿ ಕಲಸಿ, "ಹತ್ತು ನಿಮಿಷ ನೆನೆಯಲಿ" ಅಂತ ಮುಚ್ಚಿಟ್ಟು ಬೇರೆ ಕೆಲಸಕ್ಕೆ ಹೋದಿರಿ ಅಂದುಕೊಳ್ಳಿ. ವಾಪಸ್ ಬರುವ ಹೊತ್ತಿಗೆ ಹಿಟ್ಟು ಕೈಗೆ ಅಂಟುತ್ತಿರುತ್ತದೆ. ಅದಕ್ಕೆ ಇನ್ನಷ್ಟು ಮೈದಾ ಸೇರಿಸುತ್ತೀರಿ. ಅಲ್ಲಿಗೆ ವಡೆ ಕೆಟ್ಟ ಹಾಗೇ.

ಅದರ ಬದಲು ಉದ್ದುದ್ದ, ತೆಳ್ಳಗೆ ಹೆಚ್ಚಿದ ಈರುಳ್ಳಿಗೆ ಮೊದಲೇ ಉಪ್ಪು ಹಾಕಿ, ಹಸಿಮೆಣಸು ಕರಿಬೇವಿನ ಜೊತೆ ಗಟ್ಟಿಯಾಗಿ ಕಿವುಚಿ, ಐದು ನಿಮಿಷ ಬಿಡಿ. ಬರುವ ನೀರೆಲ್ಲ ಮೊದಲೇ ಬರಲಿ. ಆ ನೀರಿನ ಸಮೇತ ಹಿಟ್ಟಿಗೆ ಸೇರಿಸಿ ಕಲಸಿ. ಆಮೇಲೂ ಬಿರುಕು ಬಿಡುತ್ತಿದ್ದರೆ ಮಾತ್ರ ನೀರು, ಅದೂ ಚಮಚದಲ್ಲಿ ಚಿಮುಕಿಸಿ. ಲೋಟ ಎತ್ತಿ ಸುರಿಯಬೇಡಿ. ಕಲಸಿದ ಹಿಟ್ಟನ್ನು ಹಾಗೇ ಬಿಡಬೇಡಿ, ತಕ್ಷಣ ತಟ್ಟಿ. ಜಿಡ್ಡು ಸವರಿದ ಬಾಳೆಎಲೆ ಇದ್ದರೆ ಒಳ್ಳೆಯದು. ದಪ್ಪ ಕಿರುಬೆರಳಿನ ಅರ್ಧದಷ್ಟು ಸಾಕು.

ಎಣ್ಣೆ ಹದಕ್ಕೆ ಒಂದು ಚಿಟಿಕೆ ಹಿಟ್ಟು ಹಾಕಿ. ತಳಕ್ಕೆ ಹೋಗಿ, ಒಂದು ಎರಡು ಮೂರು ಎಣಿಸುವಷ್ಟರಲ್ಲಿ ಮೇಲೆ ಬಂದರೆ ಸರಿ. ಬಿದ್ದ ಕೂಡಲೇ ಎದ್ದು ಕೆಂಪಾದರೆ ಎಣ್ಣೆ ಜಾಸ್ತಿ ಕಾದಿದೆ. ವಡೆ ಬಿಟ್ಟ ಮೇಲೆ ಕಿವಿ ಕೊಟ್ಟು ಕೇಳಿ. ಮೊದಲು ಚೊರ್ ಅಂತ ಗಲಾಟೆ, ಸುತ್ತ ದೊಡ್ಡ ದೊಡ್ಡ ಗುಳ್ಳೆ. ಕುದಿಯುತ್ತಿರುವುದು ಎಣ್ಣೆಯಲ್ಲ. ವಡೆಯೊಳಗಿನ ನೀರು ಆವಿಯಾಗಿ ಹೊರಗೆ ಓಡುತ್ತಿರುವುದು. ನಿಧಾನಕ್ಕೆ ಗುಳ್ಳೆ ಸಣ್ಣದಾಗುತ್ತದೆ, ಸದ್ದು ಪಿಸುಮಾತಿಗೆ ಇಳಿಯುತ್ತದೆ. ಆಗ ತೆಗೆಯಿರಿ. ಬಣ್ಣ ನೋಡಿ ತೆಗೆಯುವವರಿಗಿಂತ ಸದ್ದು ಕೇಳಿ ತೆಗೆಯುವವರ ವಡೆ ಯಾವಾಗಲೂ ಚೆನ್ನಾಗಿರುತ್ತದೆ. ನಿಮ್ಮ ಅತ್ತೆ ಬಾಣಲೆಗೆ ಬೆನ್ನು ಹಾಕಿ ಮಾತಾಡುತ್ತಿದ್ದವರು ಸರಿಯಾದ ಹೊತ್ತಿಗೆ ತಿರುಗಿ ಜಾಲರಿ ಎತ್ತಿಕೊಳ್ಳುವುದನ್ನು ನೋಡಿದ್ದೀರಾ? ಅದು ಕಿವಿಯ ಕೆಲಸ.

ಇನ್ನೊಂದು ಮಾತು. ವಡೆ ಎಣ್ಣೆ ಕುಡಿಯುವುದು ಬಾಣಲೆಯಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೆಚ್ಚಿನ ಪಾಲು ಕುಡಿಯುವುದು ಹೊರಗೆ ತೆಗೆದ ಮೇಲೆ. ಒಳಗೆ ಆವಿ ಇರುವಷ್ಟು ಹೊತ್ತು ಅದು ಎಣ್ಣೆಯನ್ನು ಹೊರಗೇ ತಳ್ಳುತ್ತಿರುತ್ತದೆ. ವಡೆ ಆರುತ್ತಿದ್ದ ಹಾಗೆ ಆವಿ ಅಡಗುತ್ತದೆ, ಖಾಲಿಯಾದ ತೂತುಗಳು ಮೈಮೇಲಿನ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ಆದ್ದರಿಂದ ತೆಗೆದ ಕೂಡಲೇ ಬಾಣಲೆಯ ಮೇಲೇ ಜಾಲರಿಯನ್ನು ಎರಡು ಸಲ ಕೊಡವಿ. ಆಮೇಲೆ ತೂತಿನ ಪಾತ್ರೆಯಲ್ಲಿ ವಡೆಗಳನ್ನು ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿ. ನ್ಯೂಸ್ ಪೇಪರ್ ಮೇಲೆ ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಆವಿಯಲ್ಲಿ ಬೆಂದು, ಎಣ್ಣೆಯಲ್ಲಿ ನೆಂದು, ಮಸಿಯನ್ನೂ ಅಂಟಿಸಿಕೊಳ್ಳುತ್ತವೆ.

ನಿಪ್ಪಟ್ಟಿನ ವಿಷಯಕ್ಕೆ ಪಾಠ ಬೇಡ, ಪ್ರಯೋಗ ಸಾಕು. ಒಂದೇ ಹಿಟ್ಟಿನಿಂದ ಒಂಬತ್ತು ನಿಪ್ಪಟ್ಟು ತಟ್ಟಿ. ಮೂರನ್ನು ಜೋರು ಉರಿಯಲ್ಲಿ, ಮೂರನ್ನು ಮಧ್ಯಮ ಉರಿಯಲ್ಲಿ, ಮೂರನ್ನು ಸಣ್ಣ ಉರಿಯಲ್ಲಿ ಕರಿಯಿರಿ. ಮೂರೂ ಒಂದೇ ಬಣ್ಣಕ್ಕೆ ಬಂದಾಗ ತೆಗೆಯಿರಿ. ಪೂರ್ತಿ ಆರಿದ ಮೇಲೆ ಮೂರು ಡಬ್ಬದಲ್ಲಿ ಹಾಕಿ ಚೀಟಿ ಅಂಟಿಸಿ. ಆವತ್ತು ತಿಂದರೆ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಾರನೇ ದಿನ ಜೋರು ಉರಿಯದ್ದನ್ನು ಮುರಿಯಲು ಹೋಗಿ, ಬಾಗುತ್ತದೆ.

ಕಾರಣ ಸುಲಭ. ಜೋರು ಉರಿಯಲ್ಲಿ ಮೇಲ್ಮೈ ಬೇಗ ಕೆಂಪಾಯಿತು, ನೀವು ಆಯಿತು ಅಂತ ತೆಗೆದಿರಿ. ನಡುವಿನ ನೀರಿಗೆ ಹೊರಗೆ ಬರಲು ಪುರಸೊತ್ತೇ ಸಿಗಲಿಲ್ಲ. ರಾತ್ರಿಯೆಲ್ಲ ಡಬ್ಬದೊಳಗೆ ಅದು ನಡುವಿನಿಂದ ಅಂಚಿಗೆ ಹರಡಿಕೊಳ್ಳುತ್ತದೆ. ಡಬ್ಬ ಎಷ್ಟು ಗಟ್ಟಿ ಮುಚ್ಚಿದರೂ ಪ್ರಯೋಜನವಿಲ್ಲ, ಕಳ್ಳ ಒಳಗೇ ಇದ್ದಾನೆ. ಅರ್ಧ ಬಿಸಿ ಇರುವಾಗಲೇ ಡಬ್ಬಕ್ಕೆ ಹಾಕಿ ಮುಚ್ಚಿದರೂ ಇದೇ ಗತಿ, ಮುಚ್ಚಳದ ಒಳಗೆ ಬೆವರು ಕಾಣುತ್ತದೆ. ಆಷಾಢ ಶ್ರಾವಣದ ಥಂಡಿಯಲ್ಲಿ ಮಾತ್ರ ಹೊರಗಿನ ಗಾಳಿಯೂ ಸೇರಿಕೊಳ್ಳುತ್ತದೆ, ಆಗ ಡಬ್ಬದ ಮುಚ್ಚಳ ನಿಜವಾಗಿ ಲೆಕ್ಕಕ್ಕೆ ಬರುತ್ತದೆ.

ತಟ್ಟಿದ ಮೇಲೆ ಫೋರ್ಕಿನಲ್ಲಿ ನಾಲ್ಕಾರು ಕಡೆ ಚುಚ್ಚುವುದನ್ನು ಮರೆಯಬೇಡಿ. ನಾನು ಒಂದು ಸಲ ಮರೆತಿದ್ದೆ. ಅವಸರದಲ್ಲಿ ದಪ್ಪಗೆ ತಟ್ಟಿದ ನಿಪ್ಪಟ್ಟು, ಒಳಗೆ ಆವಿಗೆ ದಾರಿ ಇಲ್ಲ, ಪಟ್ ಅಂತ ಸಿಡಿಯಿತು. ಬಲಗೈಯ ಮೇಲೆ ರೂಪಾಯಿ ಅಗಲದ ಕಲೆ ಇನ್ನೂ ಇದೆ. ಗರಿಗರಿಗೆ ಅಂತ ಸೋಡಾ ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ. ಸೋಡಾ ತೂತು ಮಾಡುತ್ತದೆ, ತೂತಿನಲ್ಲಿ ಎಣ್ಣೆ ಕೂರುತ್ತದೆ.

ಮೈಸೂರು ಪಾಕ್. ಇಲ್ಲಿ ನಿಮ್ಮದು ಒಂದಿಷ್ಟೂ ತಪ್ಪಿಲ್ಲ. ತಪ್ಪು ಊರಿನದು!

ನೀವು ಕರಾವಳಿಯವರು. ಅಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಮಂಡ್ಯ ಅದಕ್ಕಿಂತ ಸ್ವಲ್ಪ ಕೆಳಗೆ. ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಕಮ್ಮಿ, ನೀರು ಬೇಗ ಕುದಿಯುತ್ತದೆ. ನಮ್ಮ ಕಡೆ 97-98 ಡಿಗ್ರಿಗೇ ಕುದಿ ಬಂದುಬಿಡುತ್ತದೆ. ಬೇಕಾದರೆ ಈಗಲೇ ಒಂದು ಪಾತ್ರೆ ನೀರು ಕುದಿಸಿ ಥರ್ಮಾಮೀಟರ್ ಇಳಿಬಿಡಿ. 97 ತೋರಿಸಿದರೆ ಅದನ್ನು ಅಂಗಡಿಗೆ ವಾಪಸ್ ಕೊಡಬೇಡಿ, ಅದು ಸತ್ಯ ಹೇಳುತ್ತಿದೆ. ತೊಗರಿಬೇಳೆ ನಿಮ್ಮ ತವರಿನಲ್ಲಿ ಬೆಂದಷ್ಟು ಬೇಗ ಇಲ್ಲಿ ತೆರೆದ ಪಾತ್ರೆಯಲ್ಲಿ ಬೇಯುವುದಿಲ್ಲ ಅಂತ ಅನ್ನಿಸಿದ್ದರೆ, ಅದಕ್ಕೂ ಇದು ಒಂದು ಕಾರಣ.

ಸಕ್ಕರೆ ಪಾಕ ಅಂದರೆ ಸಕ್ಕರೆ ಮತ್ತು ನೀರು. ನೀರು ಆವಿಯಾಗಿ ಹೋದ ಹಾಗೆಲ್ಲ ಪಾಕದ ಡಿಗ್ರಿ ಏರುತ್ತದೆ. ಹಾಗಾಗಿ ಥರ್ಮಾಮೀಟರ್ ನಿಜವಾಗಿ ಹೇಳುವುದು ಪಾಕದಲ್ಲಿ ಎಷ್ಟು ನೀರು ಉಳಿದಿದೆ ಅಂತ. ಒಂದೆಳೆ ಪಾಕ ನೀರು ಕುದಿಯುವ ಡಿಗ್ರಿಗಿಂತ ಸುಮಾರು 5 ಡಿಗ್ರಿ ಮೇಲೆ ಬರುತ್ತದೆ. ಸಮುದ್ರದ ಪಕ್ಕದ ಊರಿನವರು ವಿಡಿಯೋದಲ್ಲಿ 105 ಅಂದರೆ, ಅದು ನಿಮ್ಮ ಅಡುಗೆಮನೆಯಲ್ಲಿ 102-103. ನೀವು ನಂಬಿಕೆಯಿಂದ 105ರ ತನಕ ಕಾದಿರಿ. ಅಷ್ಟರಲ್ಲಿ ಎರಡೂವರೆ ಡಿಗ್ರಿಯಷ್ಟು ನೀರು ಜಾಸ್ತಿ ಹೋಗಿ, ಪಾಕ ಒಂದೆಳೆ ದಾಟಿ ಮುಂದೆ ನಡೆದಿತ್ತು. ಕಲ್ಲಾಗದೆ ಇನ್ನೇನು? ಹೆಬ್ಬೆರಳು ತೋರುಬೆರಳ ನಡುವೆ ಒಂದು ಹನಿ ಹಿಡಿದು, ಒಂದು ಎಳೆ ಮುರಿಯದೆ ನಿಲ್ಲುತ್ತದಾ ಅಂತ ನೋಡುವ ಹಳೆಯ ಪದ್ಧತಿಗೆ ಈ ತೊಂದರೆ ಇಲ್ಲ. ಅದು ಎಲ್ಲ ಊರಿನಲ್ಲೂ ಒಂದೇ.

ಕಡಲೆಹಿಟ್ಟು 100 ಗ್ರಾಂ, ಸಕ್ಕರೆ 200 ಗ್ರಾಂ, ನೀರು 100 ಮಿಲಿ, ತುಪ್ಪ 200ರಿಂದ 250 ಗ್ರಾಂ. ಹಿಟ್ಟನ್ನು ಜರಡಿ ಹಿಡಿದು ಎರಡು ಚಮಚ ತುಪ್ಪದಲ್ಲಿ ಹಸಿವಾಸನೆ ಹೋಗುವಷ್ಟು ಬೆಚ್ಚಗೆ ಮಾಡಿ. ಪಾಕ ಒಂದೆಳೆ ಬಂದ ಮೇಲೆ ಹಿಟ್ಟು ಉದುರಿಸಿ ಕೈಯಾಡಿಸಿ. ಪಕ್ಕದ ಒಲೆಯಲ್ಲಿ ತುಪ್ಪ ಬಿಸಿಯಾಗಿಯೇ ಇರಬೇಕು, ಇದು ಮುಖ್ಯ. ಒಂದೊಂದು ಸೌಟು ಸುರಿದಾಗ ಹಿಟ್ಟು ಉಸ್ಸಂತ ನೊರೆಯೇಳಬೇಕು. ಪಾಕದಲ್ಲಿ ಉಳಿದ ನೀರು ಬಿಸಿ ತುಪ್ಪ ತಾಗಿ ಆವಿಯಾಗಿ ಏಳುತ್ತದೆ, ಎದ್ದ ಜಾಗದಲ್ಲಿ ತೂತು ಉಳಿಯುತ್ತದೆ. ಮೈಸೂರು ಪಾಕಿನ ಗೂಡುಗೂಡು ಅಂದರೆ ಅದೇ. ತಣ್ಣಗಿನ ತುಪ್ಪ ಹಾಕಿದರೆ ನೊರೆಯಿಲ್ಲ, ಗೂಡಿಲ್ಲ, ಹಲ್ವ ಆಗುತ್ತದೆ. ಹಿಟ್ಟು ಬಾಣಲೆ ಬಿಟ್ಟು, ಅಂಚಿನಲ್ಲಿ ತುಪ್ಪ ಒಸರಲು ಶುರುವಾದ ಕೂಡಲೇ ತಟ್ಟೆಗೆ ಸುರಿಯಿರಿ. ಇಲ್ಲಿ ಅರ್ಧ ನಿಮಿಷವೂ ದೊಡ್ಡದು. ಒಂದು ದಸರೆಯಲ್ಲಿ ಈ ಹಂತದಲ್ಲೇ ನನಗೆ ಫೋನ್ ಬಂತು. ಆಮೇಲೆ ತಟ್ಟೆಯಿಂದ ಬಿಡಿಸಲು ಲಟ್ಟಣಿಗೆಯಲ್ಲಿ ಕುಟ್ಟಬೇಕಾಯಿತು. ಅಂಥದ್ದನ್ನು ಎಸೆಯಬೇಡಿ. ಪುಡಿ ಮಾಡಿ, ಸ್ವಲ್ಪ ಹಾಲು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿದರೆ ಬರ್ಫಿಯ ಹಾಗೆ ಆಗುತ್ತದೆ. ನೆಂಟರಿಗೆ ಅದನ್ನೇ ಬರ್ಫಿ ಅಂತ ಹೇಳಿ ಕೊಟ್ಟೆ.

ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಇದನ್ನು ಮೊದಲು ಮಾಡಿ ಬಡಿಸಿದರು ಅನ್ನುವ ಕಥೆ ನಿಮಗೂ ಗೊತ್ತಿರುತ್ತದೆ. ಈಗ ಎಲ್ಲ ಕಡೆ ಬಾಯಲ್ಲಿ ಇಟ್ಟರೆ ಜಾರುವ ಮೆತ್ತನೆಯದಕ್ಕೇ ಬೇಡಿಕೆ. ನನಗೆ ಮಾತ್ರ ಗೂಡುಗೂಡಾಗಿ, ನಡುವೆ ಒಂದು ಎಳೆ ಕೆಂಪಗೆ ಇರುವ ಗಟ್ಟಿಯದ್ದೇ ಬೇಕು. ಆ ಕೆಂಪು ಬರುವುದು ತಟ್ಟೆಗೆ ಸುರಿದ ಮೇಲೆ ಒಳಗಿನ ಬಿಸಿಗೆ ನಡುಭಾಗ ಇನ್ನೂ ಹುರಿಯುತ್ತಲೇ ಇರುವುದರಿಂದ. ತೆಳ್ಳಗೆ ಹರಡಿದರೆ ಬರುವುದಿಲ್ಲ, ಆಳವಾದ ತಟ್ಟೆ ಇಟ್ಟುಕೊಳ್ಳಿ.

ಮುದ್ದೆಗೆ ನಿಮ್ಮ ಅತ್ತೆಯೇ ಗುರು, ನಾನು ಬರೀ ಕಾರಣ ಹೇಳುತ್ತೇನೆ. ಮಂಡ್ಯದ ಕಡೆ ಅದನ್ನು ಹಿಟ್ಟು ಅಂತಲೇ ಕರೆಯುತ್ತಾರೆ, ನಿಮಗೆ ಮೊದಮೊದಲು ಗೊಂದಲ ಆಗಿರಬೇಕು. ಒಣ ರಾಗಿಹಿಟ್ಟು ಕುದಿಯುವ ಎಸರಿಗೆ ಬಿದ್ದ ಕೂಡಲೇ ಹೊರಮೈ ಬೆಂದು ಅಂಟಾಗುತ್ತದೆ. ಆ ಅಂಟು ಪದರ ಗೋಡೆಯ ಹಾಗೆ ನಿಂತು ನೀರನ್ನು ಒಳಗೆ ಬಿಡುವುದಿಲ್ಲ. ಒಳಗೆ ಒಣ ಹಿಟ್ಟು ಸಿಕ್ಕಿಹಾಕಿಕೊಳ್ಳುತ್ತದೆ. ಅದೇ ಗಂಟು. ನೀವು ಗಾಬರಿಯಿಂದ ತಕ್ಷಣ ತಿರುಗಿಸಿದಿರೋ, ಒಂದು ದೊಡ್ಡ ಗಂಟು ಹತ್ತು ಸಣ್ಣ ಗಂಟಾಗುತ್ತದೆ.

ಒಂದು ಲೋಟ ಹಿಟ್ಟಿಗೆ ಸುಮಾರು ಎರಡು ಲೋಟ ನೀರು. ಮೊದಲು ಎರಡು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಬಿಡಿ, ಅಂಬಲಿಯ ಹಾಗೆ ಕುದಿಯಲಿ. ಆಮೇಲೆ ಉಳಿದ ಹಿಟ್ಟನ್ನು ಗುಡ್ಡೆಯಾಗಿ ನಡುವೆ ಸುರಿಯಿರಿ. ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ, ಮುಚ್ಚಳ ಅರ್ಧ ಮುಚ್ಚಿ ಸುಮ್ನೆ ಬಿಡಿ. ನಾಲ್ಕೈದು ನಿಮಿಷ ಮುಟ್ಟಬೇಡಿ. ಎಸರು ತೂತಿನಿಂದ ಉಕ್ಕಿ ಹಿಟ್ಟಿನ ಮೇಲೆ ಹರಿಯುತ್ತಾ ಇರುತ್ತದೆ, ಒಳಗೆಲ್ಲ ಆವಿ ನುಗ್ಗುತ್ತದೆ. ಆಮೇಲೆ ಪಾತ್ರೆಯನ್ನು ಗಟ್ಟಿಯಾಗಿ ಹಿಡಿದು ತೊಳಸಿ. ತೋಳಿನ ಬಲ ಬೇಕಾಗುವುದು ಇಲ್ಲಿ. ಮತ್ತೆ ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಇಟ್ಟು, ಒದ್ದೆ ಕೈಯಲ್ಲಿ ಕಟ್ಟಿ. ಕಟ್ಟಿದ ಮುದ್ದೆ ಕೈಗೆ ಅಂಟದೆ ಹೊಳೆಯುತ್ತಿದ್ದರೆ ಬೆಂದಿದೆ ಅಂತ ಲೆಕ್ಕ. ಜೊತೆಗೆ ಉಪ್ಸಾರು, ಖಾರ. ಕರಾವಳಿಯ ನಾಲಿಗೆ ಒಪ್ಪಲು ಎಷ್ಟು ದಿನ ಬೇಕಾಯಿತು ನಿಮಗೆ?

ನೀವು ಕೇಳಿಲ್ಲ, ಆದರೂ ಬೆಲ್ಲದ ಬಗ್ಗೆ ಒಂದು ಮಾತು. ಮಂಡ್ಯದಲ್ಲಿದ್ದು ಆಲೆಮನೆ ಬೆಲ್ಲದಲ್ಲಿ ಪ್ರಯೋಗ ಮಾಡದೆ ಇರುತ್ತೀರಾ? ಬೆಲ್ಲಕ್ಕೆ ಗಾಳಿಯ ತೇವ ಎಳೆದುಕೊಳ್ಳುವ ಚಟ ಇದೆ, ಸಕ್ಕರೆಗಿಂತ ಜಾಸ್ತಿ. ಕಡಲೆಕಾಯಿ ಚಿಕ್ಕಿಗೆ ಪಾಕ ಪೂರ್ತಿ ಗಟ್ಟಿಯಾಗಬೇಕು. ತಣ್ಣೀರಿಗೆ ಒಂದು ಹನಿ ಬಿಟ್ಟು, ಅದನ್ನು ತೆಗೆದು ಸ್ಟೀಲ್ ತಟ್ಟೆಗೆ ಎಸೆದರೆ ಟಣ್ ಅನ್ನಬೇಕು. ಮಳೆಗಾಲದಲ್ಲಿ ಮಾಡಿದರೆ ಎರಡೇ ದಿನಕ್ಕೆ ಅಂಟುತ್ತದೆ, ಬೇಸಿಗೆಗೆ ಇಟ್ಟುಕೊಳ್ಳಿ. ಪಾಯಸಕ್ಕಾದರೆ ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಬೇಡಿ, ಒಡೆಯಬಹುದು. ಒಲೆ ಆರಿಸಿ ಸ್ವಲ್ಪ ತಣಿದ ಮೇಲೆ ಸೇರಿಸಿ.

ಏರ್ ಫ್ರೈಯರ್ ಅಂದರೆ ಫ್ಯಾನ್ ಇರುವ ಪುಟ್ಟ ಒಲೆ. ಬಿಸಿಗಾಳಿ ಬೀಸಿ ನೀರು ಒಣಗಿಸುತ್ತದೆ. ನಿನ್ನೆಯ ವಡೆಯನ್ನು ಮತ್ತೆ ಗರಿಗರಿ ಮಾಡಲು, ಕಡಲೆಕಾಯಿ ಹುರಿಯಲು, ಮೆತ್ತಗಾದ ನಿಪ್ಪಟ್ಟಿಗೆ ಜೀವ ಕೊಡಲು ಚೆನ್ನಾಗಿದೆ. ಹಸಿ ಮದ್ದೂರು ವಡೆಯನ್ನು ಅದರಲ್ಲಿ ಇಟ್ಟರೆ ಈರುಳ್ಳಿ ಬಿಸ್ಕತ್ತು ಸಿಗುತ್ತದೆ. ಕೆಟ್ಟದ್ದೇನಲ್ಲ, ಆದರೆ ವಡೆ ಅಲ್ಲ. ನೀರು ಜಾಸ್ತಿಯಾದ ಹಿಟ್ಟು ಯಾವ ಯಂತ್ರದಲ್ಲೂ ಸರಿಹೋಗುವುದಿಲ್ಲ. ಮೊದಲು ಕೆಲವು ನೂರು ರೂಪಾಯಿಗೆ ಸಿಗುವ ಅಡುಗೆಮನೆ ತಕ್ಕಡಿ ತಗೊಳ್ಳಿ. ಜೊತೆಗೆ ಒಂದು ಹಳೆಯ ನೋಟ್‌ಬುಕ್.

ನೋಟ್‌ಬುಕ್ ಯಾಕೆಂದರೆ, ನಿಮ್ಮ ಒಂದು ವರ್ಷದ ಪ್ರಯೋಗದಲ್ಲಿ ನೀವು ಮಾಡಿರಬಹುದಾದ ತಪ್ಪು ಇದು: ವಡೆ ಕೆಟ್ಟ ಮೇಲೆ ಮುಂದಿನ ಸಲ ಹಿಟ್ಟು ಬದಲಾಯಿಸಿರುತ್ತೀರಿ, ಉರಿ ಬದಲಾಯಿಸಿರುತ್ತೀರಿ, ಮೈದಾ ಒಂದು ಚಮಚ ಹೆಚ್ಚಿಸಿರುತ್ತೀರಿ. ಚೆನ್ನಾಗಿ ಬಂದರೂ ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ನನ್ನ ಹಳೆಯ ಪುಸ್ತಕದ ಒಂದು ಪುಟ ಹೀಗಿದೆ: "ಶ್ರಾವಣ, ಮಳೆ. ಮಿಲ್ಲಿನ ಹಿಟ್ಟು. ಈರುಳ್ಳಿ 200, ನೀರು 3 ಚಮಚ. ಅಂಟಿತು. ಸಂಜೆ ಮೆತ್ತಗೆ." ಅದರ ಕೆಳಗೆ: "ಅದೇ ಹಿಟ್ಟು, ನೀರು 1 ಚಮಚ. ಅಂಚು ಬಿರಿಯಿತು. ಮಾರನೇ ಬೆಳಗ್ಗೆಯೂ ಗರಿ." ಅಂಚು ಬಿರಿದ ವಡೆ ನೋಡಲು ಚೆಂದವಿಲ್ಲ ಅಂತ ಆಗ ಬೇಜಾರಾಗಿತ್ತು. ಈಗ ಅಂಚು ಬಿರಿಯದಿದ್ದರೆ ನನಗೆ ಅನುಮಾನ ಬರುತ್ತದೆ.

ಅತ್ತೆಯನ್ನೂ ಈ ಪುಸ್ತಕಕ್ಕೆ ಎಳೆದುಕೊಳ್ಳಿ. ಅವರು ಕಲಸುವ ಮುಂಚೆ ಹಿಟ್ಟಿನ ಪಾತ್ರೆ ತೂಗಿಡಿ, ಕಲಸಿದ ಮೇಲೆ ಮತ್ತೆ ತೂಗಿ. ಈರುಳ್ಳಿ, ಎಣ್ಣೆಯ ತೂಕ ಕಳೆದರೆ ಉಳಿದದ್ದು ಅವರು ಹಾಕಿದ ನೀರು. ನಾಲ್ಕು ಸಲ ಹೀಗೆ ಮಾಡಿದರೆ ಅವರ ಕೈಗುಣ ಗ್ರಾಂ ಲೆಕ್ಕದಲ್ಲಿ ನಿಮ್ಮ ಪುಸ್ತಕದಲ್ಲಿರುತ್ತದೆ. ಅವರಿಗೆ ಮಾತ್ರ ಮೊದಲೇ ಹೇಳಿ ಮಾಡಿ, ಬೆನ್ನ ಹಿಂದೆ ತಕ್ಕಡಿ ಹಿಡಿದರೆ ಯಾರಿಗೂ ಇಷ್ಟವಾಗುವುದಿಲ್ಲ.

ಕೊನೆಗೆ ಎಣ್ಣೆ. ಪೂರ್ತಿ ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ತಳದಲ್ಲಿ ಉಳಿದ ಹಿಟ್ಟಿನ ಕಣ, ಕರಿಬೇವಿನ ಚೂರು ಎಣ್ಣೆಯನ್ನು ಬೇಗ ಕೆಡಿಸುತ್ತವೆ. ಮುಚ್ಚಳ ಇರುವ ಸ್ಟೀಲ್ ಪಾತ್ರೆಯಲ್ಲಿ, ಬೆಳಕು ಬೀಳದ ಕಡೆ ಇಟ್ಟು, ಎರಡು ಮೂರು ದಿನದಲ್ಲಿ ಒಗ್ಗರಣೆಗೆ, ಪಲ್ಯಕ್ಕೆ ಖಾಲಿ ಮಾಡಿ. ಮತ್ತೆ ಮತ್ತೆ ಕರಿಯಲು ಇಡಬೇಡಿ. ಬಣ್ಣ ಕಪ್ಪಾಗಿದ್ದರೆ, ಕಾಯಿಸುವಾಗ ಬೇಗ ಹೊಗೆ ಬಂದರೆ, ಏನೂ ಹಾಕದೆಯೇ ನೊರೆ ಬಂದರೆ ಅದರ ಕೆಲಸ ಮುಗಿದಿದೆ. ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಖಾಲಿ ಹಾಲಿನ ಪ್ಯಾಕೆಟ್ಟಿಗೆ ತುಂಬಿ, ಬಾಯಿ ಕಟ್ಟಿ ಕಸಕ್ಕೆ ಹಾಕಿ. ಬಾಣಲೆಯನ್ನು ತೊಳೆಯುವ ಮುಂಚೆ ಹಳೆಯ ಪೇಪರಿನಲ್ಲಿ ಒಂದು ಸಲ ಒರೆಸಿ. ವಡೆ ಇಡಬೇಡಿ ಅಂದೆನಲ್ಲ, ಆ ನ್ಯೂಸ್ ಪೇಪರ್ ಇದಕ್ಕೆ ಸರಿಯಾಗುತ್ತದೆ.